ಕಣ್ಣು ಮಿಟುಕಿಸಿದರೆ ಸಾವಿರ ರೂಪಾಯಿ

ಮೊನ್ನೆ ಅಪ್ಪಾಜಿಯನ್ನು ಕರ್ಕೊಂಡು ಸೈಬರ್ ಸೆಂಟರ್‌ಗೆ ಹೋಗಿದ್ದೆ. ವರ್ಷಕ್ಕೊಂದು ಸಲದ ಕೆಲಸ. ಅವರು ಇನ್ನೂ ಬದುಕಿದ್ದಾರೆ ಅಂತ ಸರ್ಕಾರಕ್ಕೆ ತೋರಿಸಬೇಕು. ಜೀವನ ಪ್ರಮಾಣ ಪತ್ರ ಅಂತಾರಲ್ಲ, ಅದು.

ಹೆಬ್ಬೆಟ್ಟು ಒತ್ತಿದರು. ಆಗಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದರು. ಆಗಲಿಲ್ಲ. "ಅಜ್ಜಾ, ಪಕ್ಕದ ಬೆರಳು ಇಡ್ರಿ" ಅಂದ ಹುಡುಗ. ಬಲಗೈ ಮುಗಿಯಿತು, ಎಡಗೈನೂ ಮುಗಿಯಿತು. ಹತ್ತಿ ಮಿಲ್ಲಿನಲ್ಲಿ ಮೂರೂ ಪಾಳಿ ನಿಂತು, ಹರಿದ ನೂಲಿಗೆ ನೂಲು ಸೇರಿಸಿದ ಬೆರಳುಗಳು ಅವು. ಗೆರೆ ಎಲ್ಲಿ ಉಳಿದಿರುತ್ತೆ? ಕೊನೆಗೆ ಹುಡುಗ ಮೊಬೈಲ್ ತೆಗೆದು, "ಮುಖ ತೋರ್ಸಿದ್ರೂ ಆಗುತ್ತೆ ಅಜ್ಜಾ, ಕಣ್ಣು ಮಿಟುಕಿಸ್ಬೇಕು ಅಷ್ಟೇ" ಅಂದ. ಅಪ್ಪಾಜಿ ಕ್ಯಾಮೆರಾ ಕಂಡರೆ ಉಸಿರು ಬಿಗಿಹಿಡಿದು ಕಣ್ಣು ಅಗಲ ಮಾಡಿ ನಿಲ್ಲುವ ಕಾಲದವರು. ನಾಲ್ಕನೇ ಸಲಕ್ಕೆ ಮಿಟುಕಿಸಿದರು. ಆಯ್ತು. ಹುಡುಗ 50 ರೂಪಾಯಿ ತಗೊಂಡ. ಪಾಪ, ಅರ್ಧ ಗಂಟೆ ಒದ್ದಾಡಿದ್ದಾನೆ, ಜಾಸ್ತಿ ಅಂತ ನಾನು ಹೇಳಲ್ಲ.

ಇಷ್ಟೆಲ್ಲ ಮಾಡಿದ್ದು ತಿಂಗಳಿಗೆ 1,000 ರೂಪಾಯಿಗೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಖಾಸಗಿ ಕಂಪನಿ, ಮಿಲ್ಲು, ಫ್ಯಾಕ್ಟರಿಗಳಲ್ಲಿ ದುಡಿದವರಿಗೆ ಇಪಿಎಸ್-95 ಅಂತ ಒಂದು ಪಿಂಚಣಿ ಇದೆ. 1995ರ ನವೆಂಬರ್‌ನಲ್ಲಿ ಶುರುವಾಗಿದ್ದು. ಮಾಲೀಕರು ಪಿಎಫ್‌ಗೆ ಕಟ್ಟುವ ಪಾಲಿನಲ್ಲಿ ಸಂಬಳದ 8.33 ಪರ್ಸೆಂಟ್ ಇದಕ್ಕೆ ಹೋಗುತ್ತೆ. ಅಂದ್ರೆ ಇದು ಯಾರೋ ದಯೆಯಿಂದ ಕೊಡೋ ದುಡ್ಡಲ್ಲ. ಕೆಲಸ ಮಾಡಿದ್ದಕ್ಕೆ ಬಂದ ದುಡ್ಡು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದರಲ್ಲ, ಆ ಮ್ಯಾಂಚೆಸ್ಟರ್ ನಡೆಸಿದವರಲ್ಲಿ ನಮ್ಮಪ್ಪನೂ ಒಬ್ಬರು. ಮಿಲ್ಲು ಬಾಗಿಲು ಹಾಕಿತು. ಅಪ್ಪಾಜಿಗೆ ಉಳಿದಿದ್ದು ಒಂದು ಸ್ಟೀಲ್ ಊಟದ ಡಬ್ಬಿ, ಗೂರಲು ಕೆಮ್ಮು ಮತ್ತು ಈ ಪಿಂಚಣಿ.

ಮೊದಲು ಏಳುನೂರು ಚಿಲ್ಲರೆ ಬರ್ತಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿ 1,000 ಅಂತಾಯ್ತು. ಅವತ್ತು ಅಪ್ಪಾಜಿ ಮನೆಗೆ ಬೆಣ್ಣೆ ದೋಸೆ ಪಾರ್ಸೆಲ್ ತಂದಿದ್ದರು. ನನಗಿನ್ನೂ ನೆನಪಿದೆ. ಆಮೇಲೆ ಆ 1,000 ಅಲ್ಲೇ ನಿಂತಿದೆ. ಒಂದು ರೂಪಾಯಿ ಏರಿಲ್ಲ. ನಮ್ಮನೆಗೆ ದಿನಕ್ಕೆ ಅರ್ಧ ಲೀಟರ್ ನೀಲಿ ಪ್ಯಾಕೆಟ್ ಹಾಲು ಬೇಕು. ತಿಂಗಳಿಗೆ ಲೆಕ್ಕ ಹಾಕಿದರೆ 700 ದಾಟುತ್ತೆ. ಉಳಿದಿದ್ದರಲ್ಲಿ ಅವರ ಬಿಪಿ ಮಾತ್ರೆ. ಮುಗೀತು ಪಿಂಚಣಿ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯೋ ವಿಷಯಕ್ಕೆ ಬರ್ತೀನಿ.

2025ರ ಮಾರ್ಚ್ 21 ನೆನಪಿದೆಯಾ? ನಮ್ಮ ವಿಧಾನಸಭೆಯಲ್ಲಿ ದೊಡ್ಡ ಗಲಾಟೆ. ಕಾಗದ ಹರಿದು ಸ್ಪೀಕರ್ ಮೇಲೆ ಎಸೆದರು, ಮಾರ್ಷಲ್‌ಗಳು ಶಾಸಕರನ್ನು ಎತ್ತಿಕೊಂಡು ಹೊರಗೆ ಹೋದರು, 18 ಜನ ಸಸ್ಪೆಂಡ್ ಆದರು. ಟಿವಿಯವರಿಗೆ ಹಬ್ಬ. ಅದೇ ದಿನ, ಅದೇ ಗಲಾಟೆ ನಡುವೆ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿಸುವ ಮಸೂದೆ ಸದ್ದಿಲ್ಲದೆ ಪಾಸ್ ಆಯ್ತು. ಮುಖ್ಯಮಂತ್ರಿಗಳದ್ದು 75,000 ಇದ್ದಿದ್ದು ಒಂದೂವರೆ ಲಕ್ಷ. ಅದರ ಮೇಲೆ ಚರ್ಚೆ ಗಿರ್ಚೆ ಏನೂ ಇಲ್ಲ. ಮೂರು ದಿನ ಕಳೆದು ದೆಹಲಿಯಿಂದ ಸುದ್ದಿ ಬಂತು. ಎಂಪಿಗಳ ಸಂಬಳ ಒಂದು ಲಕ್ಷದಿಂದ 1,24,000. ಮಾಜಿ ಎಂಪಿಗಳ ಪಿಂಚಣಿ 25,000ದಿಂದ 31,000. ಅದೂ 2023ರ ಏಪ್ರಿಲ್ 1ರಿಂದಲೇ ಅನ್ವಯ. ಹಿಂದಿನ ಬಾಕಿ ಸಮೇತ!

ಇಲ್ಲಿ ಕಾಂಗ್ರೆಸ್, ಅಲ್ಲಿ ಬಿಜೆಪಿ. ನೀವು ಯಾವ ಕಡೆಯವರಾದರೂ ಕಾಮೆಂಟ್‌ನಲ್ಲಿ ಇನ್ನೊಂದು ಕಡೆಗೆ ಬೈಯೋಕೆ ಸಮಾನ ಅವಕಾಶ ಇದೆ.

ಸಂಬಳ ಏರಿಸಿದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಎಂಪಿಗಳ ಸಂಬಳ ಏರಿಸೋಕೆ ಈಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. 2018ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಆದಾಯ ತೆರಿಗೆಯಲ್ಲಿ ವೆಚ್ಚ ಹಣದುಬ್ಬರ ಸೂಚ್ಯಂಕ ಅಂತ ಒಂದಿದೆ. ಬೆಲೆ ಏರಿದ ಹಾಗೆ ಅದೂ ಏರುತ್ತೆ. ಐದು ವರ್ಷಕ್ಕೊಮ್ಮೆ ಅದನ್ನು ನೋಡಿ ಎಂಪಿಗಳ ಸಂಬಳ ತಾನಾಗೇ ಏರಬೇಕು, ಅದೇ ಕಾನೂನು. ಸೂಚ್ಯಂಕ 280 ಇದ್ದಿದ್ದು 348 ಆಯ್ತು, ಸಂಬಳ 24 ಪರ್ಸೆಂಟ್ ಜಾಸ್ತಿ ಆಯ್ತು. ಲೆಕ್ಕ ಸರಿಯಾಗೇ ಇದೆ.

ನಾನೂ ಒಂದು ರಾತ್ರಿ ಕೂತು ಅದೇ ಲೆಕ್ಕ ಅಪ್ಪಾಜಿ ಪಿಂಚಣಿಗೆ ಹಾಕಿದೆ. 2014-15ರಲ್ಲಿ ಸೂಚ್ಯಂಕ 240. 2025-26ಕ್ಕೆ 376. ಆ ಪ್ರಕಾರ 1,000 ಅನ್ನೋದು 1,566 ಆಗಬೇಕಿತ್ತು. ನೋಡಿ, ಏಳು ಸಾವಿರ ಎಂಟು ಸಾವಿರ ಏನಲ್ಲ. ಬರೀ 566 ರೂಪಾಯಿ. ಬೆಲೆ ಏರಿದೆ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಅದಕ್ಕೊಂದು ಅಂಕಿ ಇದೆ, ವರ್ಷ ವರ್ಷ ಗೆಜೆಟ್‌ನಲ್ಲಿ ಹಾಕ್ತಾರೆ. ಅದನ್ನು ಯಾರಿಗೆ ಹಚ್ಚಬೇಕು, ಯಾರಿಗೆ ಬೇಡ ಅನ್ನೋದನ್ನೂ ಅವರೇ ತೀರ್ಮಾನ ಮಾಡ್ತಾರೆ.

ಯಾರೂ ಕೇಳಿಲ್ಲ ಅಂತಲೂ ಅಲ್ಲ. 2013ರಲ್ಲಿ ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3,000 ಕೊಡಿ ಅಂತ ವರದಿ ಕೊಟ್ಟಿತು. ಕೋಶ್ಯಾರಿ ಬಿಜೆಪಿಯವರು, ಆಗ ಸರ್ಕಾರ ಯುಪಿಎದ್ದು. ಯುಪಿಎ ಹೋಗೋ ಹೊತ್ತಿಗೆ 1,000ಕ್ಕೆ ಒಪ್ಪಿತು. ಎನ್‌ಡಿಎ ಬಂದು ಅದನ್ನೇ ಜಾರಿ ಮಾಡಿತು. ಕೋಶ್ಯಾರಿಯವರು ಆಮೇಲೆ ಮಹಾರಾಷ್ಟ್ರಕ್ಕೆ ರಾಜ್ಯಪಾಲರಾಗಿ ಹೋಗಿ, ಅದನ್ನೂ ಮುಗಿಸಿ ಬಂದರು. ವರದಿ ಎಲ್ಲಿತ್ತೋ ಅಲ್ಲೇ ಇದೆ. ಪಿಂಚಣಿದಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತು ತಿಂಗಳಿಗೆ 7,500 ಕೇಳಿದರು. ಕೇಳ್ತಾ ಕೇಳ್ತಾ ವಯಸ್ಸಾದವರು ಇನ್ನೂ ವಯಸ್ಸಾದರು.

ಸಂಸತ್ತಿನಲ್ಲಿ ಪ್ರತಿ ಸಲ ಅದೇ ಉತ್ತರ. ನಿಧಿಯಲ್ಲಿ ಕೊರತೆ ಇದೆ, ಈಗಾಗಲೇ ಸರ್ಕಾರ ಸಂಬಳದ 1.16 ಪರ್ಸೆಂಟ್ ಸೇರಿಸ್ತಿದೆ ಅಂತ. ಸುಳ್ಳೇನಲ್ಲ. ಪಿಂಚಣಿ ತಗೊಳ್ಳೋರು 78 ಲಕ್ಷಕ್ಕೂ ಹೆಚ್ಚು ಜನ, ಸಣ್ಣ ದುಡ್ಡಲ್ಲ, ಒಪ್ತೀನಿ. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟ್‌ಗೆ ಇಳಿಸುವಾಗ ಕೊರತೆ ಯಾರಿಗೂ ನೆನಪಾಗಲಿಲ್ಲ ಅಲ್ವಾ? ಕೇಂದ್ರ ನೌಕರರಿಗೆ 2025ರ ಏಪ್ರಿಲ್‌ನಿಂದ ಹೊಸ ಪಿಂಚಣಿ ಬಂತು. ಹತ್ತು ವರ್ಷ ಕೆಲಸ ಮಾಡಿದ್ದರೆ ಕನಿಷ್ಠ 10,000. ಬರಲಿ, ಒಳ್ಳೇದೇ. ಮಿಲ್ಲಿನವರ ಹೊಟ್ಟೆ ಹತ್ತು ಪಟ್ಟು ಚಿಕ್ಕದು ಅಂತ ಯಾರು ಅಳತೆ ಮಾಡಿದರೋ ಅದೊಂದು ತಿಳಿಯಬೇಕು ನನಗೆ.

ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಚಿಕ್ಕಪ್ಪನ ಮಗ ದಿನಾ ಬೆಳಗ್ಗೆ ಒಂದು ಫಾರ್ವರ್ಡ್ ಹಾಕ್ತಾನೆ. ನಾವೀಗ ಜಪಾನನ್ನೂ ಹಿಂದೆ ಹಾಕಿದ್ವಿ, ಪ್ರಪಂಚದಲ್ಲೇ ನಾಲ್ಕನೇ ದೊಡ್ಡ ಆರ್ಥಿಕತೆ ಅಂತ. ಕೆಳಗೆ ಇಪ್ಪತ್ತು ಧ್ವಜ. ಒಂದು ಸಲ ತಡೆಯದೆ, "ಇವತ್ತು ದೊಡ್ಡಪ್ಪನ ಪಿಂಚಣಿ ಬಂತು, 1,000" ಅಂತ ಬರೆದೆ. ಅವನು ಕೈ ಮುಗಿಯೋ ಇಮೋಜಿ ಹಾಕಿದ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ.

ಅಮ್ಮನಿಗೆ ಗೃಹಲಕ್ಷ್ಮಿ 2,000 ಬರುತ್ತೆ. ಒಂದೊಂದು ಸಲ ಎರಡು ಮೂರು ತಿಂಗಳು ತಡ ಆಗುತ್ತೆ, ಅದು ಬೇರೆ ಮಾತು. ಬಂದ ದಿನ ಅಮ್ಮ ಅಪ್ಪಾಜಿಗೆ ಕೀಟಲೆ ಮಾಡ್ತಾರೆ, "ನೋಡ್ರಿ, ಮನೇಲಿ ಕೂತು ನಾನು ನಿಮ್ಮ ಡಬಲ್ ದುಡೀತೀನಿ" ಅಂತ. ಅಪ್ಪಾಜಿನೂ ನಗ್ತಾರೆ. ಅದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳೋರು ನಮ್ಮ ಬೀದೀಲೂ ಇದ್ದಾರೆ. ಅಮ್ಮ ಆ ದುಡ್ಡಲ್ಲೇ ಅಪ್ಪಾಜಿಗೆ ಕನ್ನಡಕ ಮಾಡಿಸಿದ್ದು, ಅವರಿಗೇನು ಗೊತ್ತು.

ಅವತ್ತು ಸೈಬರ್ ಸೆಂಟರ್‌ನಿಂದ ವಾಪಸ್ ಬರುವಾಗ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಅಪ್ಪಾಜಿ ಮಿರ್ಚಿ ಮುರೀತಾ ಪಕ್ಕದ ಮನೆಯವರ ವಿಷಯ ತೆಗೆದರು. ಅವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಬರುತ್ತೆ, ತಿಂಗಳಿಗೆ 1,200. ಬೇರೆ ಪಿಂಚಣಿ ಇರೋರಿಗೆ ಅದು ಸಿಗಲ್ಲ ಅಂತ ಹಿಂದೆಯೇ ಅಪ್ಪಾಜಿಗೆ ಹೇಳಿದ್ದೆ.

"ನನ್ನ ಪಿಂಚಣಿ ಬ್ಯಾಡ ಅಂತ ಬರ್ಕೊಟ್ರೆ, ಆ 1,200 ಕೊಡ್ತಾರೇನು, ನಾಡಕಚೇರೀಲಿ ಒಂದು ಮಾತು ಕೇಳು" ಅಂದರು.

ನಾನಿನ್ನೂ ಹೋಗಿ ಕೇಳಿಲ್ಲ.