ಛತ್ತು ತೆಗೆದ ಪುಣ್ಯ

ವೃದ್ಧಾಶ್ರಮದವರು ಕೇಳಿದ್ದು ಎರಡು ವ್ಹೀಲ್‌ಚೇರು ಮತ್ತು ಸುಟ್ಟುಹೋದ ಬೋರ್ ಮೋಟಾರಿನ ರಿಪೇರಿ ಖರ್ಚು. ಸಾವಕಾರ್ರು ಕೊಟ್ಟಿದ್ದು ಛತ್ತು ಮಡಚುವ, ಎರಡೇ ಸೀಟಿನ, ಫಾರಿನ್ ಸ್ಪೋರ್ಟ್ಸ್ ಕಾರು. ಊರು ಕಲಬುರಗಿ. ಸಾವಕಾರ್ರ ಹೆಸರು ಬೇಡ ಬಿಡಿ, ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

ಈ ದಾನಬುದ್ಧಿ ಹುಟ್ಟಿದ್ದು ಆರ್‌ಸಿ ನೋಡಿದ ಮೇಲೆ. ಕಾರಿಗೆ ಹದಿನೈದು ವರ್ಷ ತುಂಬಲು ಬಂದಿತ್ತು. 2022ರ ಏಪ್ರಿಲ್‌ನಿಂದ ಹದಿನೈದು ದಾಟಿದ ನಮ್ಮ ದೇಶದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ, ಆಮದು ಕಾರಿಗಾದರೆ 40,000. ಈ ಅಂಕಿ ಕಿವಿಗೆ ಬಿದ್ದದ್ದೇ ತಡ, ಸಾವಕಾರ್ರಿಗೆ ಅನಾಥರು, ವೃದ್ಧರು ಎಲ್ಲರೂ ಒಟ್ಟಿಗೇ ನೆನಪಾದರು.

ಅಮೆರಿಕದಲ್ಲಿ ಹಳೇ ಕಾರು ದಾನ ಮಾಡುವುದು ದೊಡ್ಡ ರೂಢಿ. ಸಂಸ್ಥೆಯವರು ಅದನ್ನು ಹರಾಜಿಗೆ ಹಾಕಿ ದುಡ್ಡು ಮಾಡಿಕೊಳ್ಳುತ್ತಾರೆ. ಮೊದಲು ದಾನಿಗಳು ಗುಜರಿ ಕಾರಿಗೂ ರಾಜನ ಬೆಲೆ ಬರೆದು ತೆರಿಗೆ ಉಳಿಸುತ್ತಿದ್ದರು. 2005ರಿಂದ, 500 ಡಾಲರ್ ಮೀರಿದ ವಿನಾಯಿತಿ ಬೇಕೆಂದರೆ ಸಾಮಾನ್ಯವಾಗಿ ಹರಾಜಿನಲ್ಲಿ ಬಂದಷ್ಟೇ ಲೆಕ್ಕ ಎಂದು ಅಲ್ಲಿನ ಸರಕಾರ ಮೂಗುದಾರ ಹಾಕಿತು. ನಮ್ಮಲ್ಲಿ ಆ ಗೊಡವೆಯೇ ಇಲ್ಲ. 80ಜಿ ಎಂದೇ ಹೆಸರಾದ ದೇಣಿಗೆಯ ತೆರಿಗೆ ವಿನಾಯಿತಿಯಲ್ಲಿ ವಸ್ತುದಾನಕ್ಕೆ ಬಿಡಿಗಾಸಿನ ರಿಯಾಯಿತಿಯೂ ಸಿಗದು. ದುಡ್ಡೇ ಕೊಡಬೇಕು, ಅದೂ ನಗದಾದರೆ 2,000 ರೂಪಾಯಿಯವರೆಗೆ ಮಾತ್ರ. ಆಡಿಟರ್ ಇದನ್ನು ಹೇಳಿಯೇ ಹೇಳಿದ: "ತೆರಿಗಿ ಉಳಿಯಂಗಿಲ್ರಿ ಸಾವಕಾರ್ರ. ಆದ್ರ ತಲಿನೋವು ಹೋಗ್ತದ."

ನಚಿಕೇತನ ಅಪ್ಪ ಹಾಲು ಬತ್ತಿದ ಮುದಿ ಆಕಳುಗಳನ್ನು ದಾನ ಕೊಡುವಾಗ ಮಗನಾದರೂ ಎದುರು ನಿಂತು "ನನ್ನನ್ನು ಯಾರಿಗೆ ಕೊಡುತ್ತೀ?" ಎಂದು ಕೇಳಿದ್ದ. ನಮ್ಮ ಸಾವಕಾರ್ರ ಮಗ ಕೇಳಿದ್ದು ಇಷ್ಟು: "ಅಪ್ಪಾಜಿ, ಹೊಸಾದು ಯಾವಾಗ ಬರ್ತದ?"

ಸಮಾರಂಭ ಜೋರಾಗಿಯೇ ಆಯಿತು. ಜಗತ್ ವೃತ್ತದಿಂದಲೇ ಬ್ಯಾನರ್ ಶುರು. ಸಾವಕಾರ್ರ ಮುಖ ಆಳೆತ್ತರ, ಶುಭ ಕೋರುವವರ ಮುಖಗಳು ಪಾಸ್‌ಪೋರ್ಟ್ ಸೈಜು, ಕಾರು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು. ಆಶ್ರಮದ ಹೆಸರಿಗೆ ಜಾಗ ಸಾಲಲಿಲ್ಲ. ಮೇ ತಿಂಗಳ ನಲವತ್ಮೂರು ಡಿಗ್ರಿಯಲ್ಲಿ ಮುತ್ಯಾಗಳನ್ನೂ ಆಯಿಗಳನ್ನೂ ಹನ್ನೊಂದಕ್ಕೇ ಶಾಮಿಯಾನದ ಕೆಳಗೆ ಕೂರಿಸಿದರು. ಮುಖ್ಯ ಅತಿಥಿಗಳು ಒಂದೂವರೆಗೆ ಬಂದರು. ಬ್ಯಾಟರಿ ಇಳಿದಿದ್ದರಿಂದ ನಾಲ್ಕು ಹುಡುಗರು ಕಾರನ್ನು ತಳ್ಳಿಯೇ ನಿಂಬೆಹಣ್ಣು ಒಡೆಸಿದರು. ಆಮೇಲೆ ಬೇರೊಂದು ಗಾಡಿಯಿಂದ ವೈರು ಎಳೆದು, ಅತಿಥಿಗಳ ಕೈಯಿಂದ ಛತ್ತಿನ ಗುಂಡಿ ಒತ್ತಿಸಿದರು. ಛತ್ತು ಗರ್ರ್ ಎಂದು ಅರ್ಧ ಎದ್ದು ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ.

ಫೋಟೊಕ್ಕೆ ಹಿರಿಯ ಮುತ್ಯಾ ಒಬ್ಬರಿಗೆ ಶಾಲು ಹೊದಿಸಿ ಒಳಗೆ ಕೂರಿಸಿದರು. ಸೀಟು ನೆಲದಿಂದ ಗೇಣು ಮೇಲೆ. ಮಂಡಿನೋವಿನ ಮುತ್ಯಾ ಕೂತದ್ದೇ ಕೂತದ್ದು. "ತಮ್ಮಾ, ಇದರಾಗ ಕುಂದ್ರಲಾಕ ಬರ್ತದ, ಏಳ್ಲಾಕ ಬರಂಗಿಲ್ಲ" ಎಂದರು. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದ ಫೋಟೊವೇ ಮರುದಿನ ಪೇಪರಿನಲ್ಲಿ "ವೃದ್ಧರಿಗೆ ಆಸರೆ" ಎಂಬ ತಲೆಬರಹದೊಂದಿಗೆ ಬಂತು.

ಇಷ್ಟರಲ್ಲಿ ಹೊತ್ತಿಗೆ ಸರಿಯಾಗಿ ನಡೆದ ಕೆಲಸ ಒಂದೇ. ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಬ್ಯಾನರ್ ಕಟ್ಟುವ ಮೊದಲೇ ಸಹಿ ಬಿದ್ದಿತ್ತು.

ಮುಂದಿನದು ಆಶ್ರಮದ ಮ್ಯಾನೇಜರನ ಪಾಡು. 2022ರಲ್ಲಿ ನಿಗದಿಯಾದ ದರದಂತೆ 1500 ಸಿಸಿ ಮೇಲಿನ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 7,897 ರೂಪಾಯಿ. 2025-26ರ ಬೆಂಬಲ ಬೆಲೆಯಲ್ಲಿ ತೊಗರಿ ಕ್ವಿಂಟಲ್‌ಗೆ 8,000. ಅಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೊಗರಿಯನ್ನು ನಿಂತ ಕಾರು ನಿಂತಲ್ಲೇ ತಿನ್ನುತ್ತದೆ. ಹಾಗಂತ ಓಡಿಸೋಣವೆಂದರೆ ಹೊಟ್ಟೆಯ ಕೆಳಗೆ ಹನ್ನೆರಡು ಸೆಂಟಿಮೀಟರ್ ಜಾಗ. ರಸ್ತೆಯ ಅಳತೆಗಳನ್ನು ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹಂಪಿನ ಎತ್ತರ 10 ಸೆಂಟಿಮೀಟರ್ ಎಂದು ಬರೆದಿಟ್ಟಿದೆ, ನಿಜ. ನಮ್ಮ ಹಂಪುಗಳು ಅದನ್ನು ಓದಿಲ್ಲ.

ಮಾರೋಣವೆಂದರೆ ಬಾಗಿಲ ಮೇಲೆ ಬಂಗಾರದ ಬಣ್ಣದಲ್ಲಿ ಸಾವಕಾರ್ರ ಹೆಸರು. "ದಾನ ಕೊಟ್ಟದ್ದು ಮಾರ್ತೀರೇನ್ರಿ? ನನ್ನ ಮರ್ಯಾದಿ ಏನಾಗಬೇಕು?" ಎಂದು ಫೋನಿನಲ್ಲೇ ಗದರಿದರು. ಕೊನೆಗೆ ಮ್ಯಾನೇಜರ್ ಅರ್ಧ ತೆರೆದ ಛತ್ತಿನ ಮೇಲೆ ತಾಡಪತ್ರಿ ಬಿಗಿದ. ಬೋರ್ ಮೋಟಾರು ರಿಪೇರಿಯಾಗಿಲ್ಲ. ನೀರಿನ ಕೊಡಗಳನ್ನು ಈಗ ಕಾರಿನ ಬಾನೆಟ್ಟಿನ ಮೇಲೆ ಇಳಿಸುತ್ತಾರೆ. ಅಷ್ಟರಮಟ್ಟಿಗೆ ಉಪಯೋಗ ಆಗಿದೆ ಎಂದು ಒಪ್ಪಲೇಬೇಕು.

ಮೊನ್ನೆ ಸಾವಕಾರ್ರದ್ದೇ ಫೋನು. ಮಗನ ಮದುವೆ, ಮೆರವಣಿಗೆಗೆ ಛತ್ತಿಲ್ಲದ ಕಾರೇ ಬೇಕೆಂದು ಹಟ.

"ಒಂದಿನದ ಮಟ್ಟಿಗಿ ನನ್ನ ಕಾರು ಕಳಸ್ರಿ."

"ಆರ್‌ಸಿ ಆಶ್ರಮದ ಹೆಸರಿಗದ ಅಲ್ರಿ ಸಾವಕಾರ್ರ."

"ಹಂಗಾದ್ರ ಬಾಡಿಗಿ ತಗೋರಿ."

"ಬಾಡಿಗಿ ತಗೊಂಡ್ರ ಆರ್‌ಟಿಒದವರು ಹಳದಿ ಬೋರ್ಡ್ ಕೇಳ್ತಾರ್ರಿ. ನೀವು ದೇಣಿಗಿ ಕೊಡ್ರಿ, ರಶೀದಿ ಹರಿತೀನಿ. ಚೆಕ್ಕೇ ಕೊಡ್ರಿ ಮತ್ತ, 80ಜಿ ಸಿಗ್ತದ."

"ಎಷ್ಟು ಬರೀಲಿ?"

"ಜಾಸ್ತಿ ಬ್ಯಾಡ್ರಿ. ನಲವತ್ತು ಸಾವಿರ."