ಬೆಲ್ಟ್ ಕೊಟ್ಟರು, ಕೂರುವ ಬಗೆ ಕೇಳಲಿಲ್ಲ

ಬ್ಯಾಡಗಿಯಲ್ಲಿರುವ ನಮ್ಮ ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಖಾಲಿ ಚೀಲ ಹಾಸಿಕೊಂಡು, ಬೆನ್ನು ಬಿಲ್ಲಿನಂತೆ ಬಾಗಿಸಿ, ಕತ್ತು ತಗ್ಗಿಸಿ ಕೂರುತ್ತಾಳೆ. ಕಳೆದ ವರ್ಷ ಟೊಂಕ ಹಿಡಿಯಿತು, ನೋವು ಬಲಗಾಲಿನ ಮೀನಖಂಡದವರೆಗೆ ಇಳಿಯಿತು. ಉಳುಕು ತೆಗೆಸಿದಳು, ಬೆಲ್ಟ್ ಕಟ್ಟಿದಳು, ಗುಳಿಗೆ ನುಂಗಿದಳು. ಒಂದು ಕಡೆ ಹತ್ತು ದಿನ ಕರೆಂಟ್ ಕೊಟ್ಟು ಕಳುಹಿಸಿದರು. ದಿನವಿಡೀ ಹೇಗೆ ಕೂರುತ್ತೀಯಮ್ಮ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಹುಬ್ಬಳ್ಳಿಗೆ ಕರೆಸಿಕೊಂಡು ಒಬ್ಬ ಫಿಸಿಯೋಥೆರಪಿಸ್ಟ್‌ಗೆ ತೋರಿಸಿದೆ. ಆ ಹೆಣ್ಣುಮಗಳು ಬೆನ್ನು ಮುಟ್ಟುವ ಮೊದಲೇ, "ಅಕ್ಕಾ, ಕಾಯಿ ಹೇಗೆ ಬಿಡಿಸುತ್ತೀರಿ, ಕೂತು ತೋರಿಸಿ" ಎಂದರು. ಆಮೇಲೆ ಬೋರಲು ಮಲಗಿಸಿ, ಮೊದಲು ಮೊಣಕೈ ಊರಿಸಿ, ನಂತರ ಅಂಗೈ ಊರಿಸಿ ಎದೆ ಎತ್ತಿಸಿದರು. ಸೊಂಟ ಮಾತ್ರ ಮಂಚ ಬಿಟ್ಟು ಏಳಬಾರದು. ಹತ್ತು ಸಲ ಎತ್ತಿಸಿದರು, ಹತ್ತು ಸಲವೂ ಕೇಳಿದರು: "ಈಗ ನೋವು ಎಲ್ಲಿದೆ?" ಮೀನಖಂಡದಿಂದ ತೊಡೆಗೆ, ತೊಡೆಯಿಂದ ಪಿರ್ರೆಗೆ ಏರಿತು. ಟೊಂಕದಲ್ಲಿ ಹೆಚ್ಚಾಯಿತಲ್ಲ ಎಂದು ಅಕ್ಕ ಹೆದರಿದಳು. ನೋವು ಕಾಲು ಬಿಟ್ಟು ಬೆನ್ನಿನ ನಡುವಿಗೆ ಸರಿಯುವುದು ಒಳ್ಳೆಯ ಲಕ್ಷಣ, ತಿರುಗಿ ಕಾಲಿಗೆ ಇಳಿದರೆ ನಿಲ್ಲಿಸಬೇಕು ಎಂದು ಅವರು ತಿಳಿಹೇಳಿದರು.

ಈ ಪದ್ಧತಿಗೆ ದಾರಿಯಾದದ್ದು ಒಂದು ಆಕಸ್ಮಿಕ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ರೋಗಿಯೊಬ್ಬರು, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ತಪ್ಪಿ ಬೋರಲು ಮಲಗಿಬಿಟ್ಟರು. ಎದ್ದಾಗ ಕಾಲುನೋವು ಇರಲಿಲ್ಲ. ಮೆಕೆಂಜಿ ಅದನ್ನು ಅಲ್ಲಿಗೇ ಬಿಡದೆ ಬೆನ್ನು ಹತ್ತಿದರು.

ಹಾಗೆಂದು ಹಿಂದಕ್ಕೆ ಬಾಗುವುದು ಎಲ್ಲರಿಗೂ ಒಗ್ಗುವುದಿಲ್ಲ. ಬೆನ್ನುಹುರಿಯ ಕಾಲುವೆ ಕಿರಿದಾದ ವಯಸ್ಸಾದವರಿಗೆ ನೋವು ಹೆಚ್ಚಬಹುದು. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆದರೆ ಎಂಆರ್‌ಐ ವರದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂಬ ಒಂದು ಸಾಲು ಓದಿ ಎದೆಗುಂದಬೇಡಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು.

ಅಕ್ಕನ ಕತ್ತಿಗೂ ಹುಬ್ಬಳ್ಳಿಯ ಆ ಫಿಸಿಯೋಥೆರಪಿಸ್ಟ್ ಒಂದು ವ್ಯಾಯಾಮ ಹೇಳಿಕೊಟ್ಟರು: ನೋಟ ನೇರವಾಗಿಟ್ಟು ಗದ್ದವನ್ನು ಹಿಂದಕ್ಕೆ ಸರಿಸುವುದು. ಸುಮಾರು ಐದು ಕಿಲೋ ತೂಕದ ತಲೆ ಮುಂದಕ್ಕೆ ಜೋತಷ್ಟೂ ಕತ್ತಿನ ಸ್ನಾಯುಗಳಿಗೆ ಭಾರ. ಲೆಕ್ಕದ ಕೆಲಸ ಮಾಡುವ ನಾನೂ ಕಂಪ್ಯೂಟರ್ ಮುಂದೆ ಆ ವ್ಯಾಯಾಮವನ್ನೇ ಮಾಡುತ್ತೇನೆ.

ಈಗ ಅಕ್ಕ ಮಣೆಯ ಮೇಲೆ ಕೂರುತ್ತಾಳೆ, ಅರ್ಧ ಗಂಟೆಗೊಮ್ಮೆ ಎದ್ದು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗುತ್ತಾಳೆ. ಕಿಲೋ ಲೆಕ್ಕದ ಕೂಲಿ, ಎದ್ದಷ್ಟು ಹೊತ್ತು ದುಡ್ಡು ಕಡಿಮೆ. ನೆಲದ ರಾಶಿಯನ್ನು ಮೇಜಿನ ಮೇಲೆ ಸುರಿದು, ಕೂರಲು ಒಂದು ಬೆಂಚು ಕೊಟ್ಟರೆ ಅವಳು ಅಷ್ಟು ಬಾಗಲೇಬೇಕಿಲ್ಲ. ಇದನ್ನು ಓದುವವರಲ್ಲಿ ಮೆಣಸಿನಕಾಯಿ ವರ್ತಕರಿದ್ದರೆ, ಈ ಸುಗ್ಗಿಗೆ ನಿಮ್ಮ ಅಂಗಳದಲ್ಲಿ ನಾಲ್ಕು ಬೆಂಚು ಹಾಕಿಸಿ.