ಸಹಾಯಕ ಕೋಚ್ ಬಂದರಂತೆ

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡವೊಂದರ ಅಭಿಮಾನಿಗೆ ಪಂದ್ಯಗಳು ದೊರೆಯುವುದು ಆಗಸ್ಟ್ ಕೊನೆಯಿಂದ ಜನವರಿಯವರೆಗೆ ಮಾತ್ರ. ಉಳಿದ ತಿಂಗಳುಗಳನ್ನು ಅವನು ಸುದ್ದಿಯ ಆಧಾರದ ಮೇಲೆಯೇ ಕಳೆಯಬೇಕು. ಅಂಥ ಸುದ್ದಿಗಳಲ್ಲೆಲ್ಲ ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿರುವುದು ಹೊಸ ಸಹಾಯಕ ಕೋಚ್ ಒಬ್ಬರ ನೇಮಕದ ಸುದ್ದಿ. ಮುಖ್ಯ ಕೋಚ್ ಬದಲಾದರೆ ಊರಿಗೆ ಊರೇ ಮಾತನಾಡುವುದು ಸಹಜ. ಆದರೆ ಚೆಂಡು ಹಿಡಿಯುವ ಹುಡುಗರಿಗೆ ಪಾಠ ಹೇಳಲು ಎಲ್ಲಿಂದಲೋ ಒಬ್ಬರು ಬಂದರಂತೆ ಎಂಬಷ್ಟಕ್ಕೇ ಕ್ಷೌರದ ಕುರ್ಚಿಯಲ್ಲಿ ಕುಳಿತವರು, ಬ್ಯಾಂಕಿನ ಸಾಲಿನಲ್ಲಿ ನಿಂತವರು, ಜೀವಮಾನದಲ್ಲಿ ಒಮ್ಮೆಯೂ ಚೆಂಡು ಮುಟ್ಟದವರು ಹುಬ್ಬು ಗಂಟಿಕ್ಕಿಕೊಂಡು ಅಭಿಪ್ರಾಯ ನೀಡುವುದನ್ನು ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿದ್ದಾಗ ನಾನು ಕಣ್ಣಾರೆ ಕಂಡೆ. ಆಗಿನಿಂದ ನನಗೆ ಆಟಕ್ಕಿಂತಲೂ ಆ ಅಭಿಪ್ರಾಯಗಳ ಮೇಲೆಯೇ ಹೆಚ್ಚು ಮೋಹ.

ಈ ಫುಟ್‌ಬಾಲ್ ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ದಾಳಿಗೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ಎರಡಕ್ಕೂ ಪ್ರತ್ಯೇಕ ತಂತ್ರ ಹೂಡುವವರನ್ನು ಕೋಆರ್ಡಿನೇಟರ್ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಅವರೂ ಸಹಾಯಕ ಕೋಚ್‌ಗಳೇ. ಚೆಂಡನ್ನು ಮುಂದಕ್ಕೊಯ್ಯುವ ಒಂದು ಯತ್ನ ಮುಗಿದ ಕೂಡಲೇ ಆಟ ನಿಲ್ಲುತ್ತದೆ, ಮುಂದಿನದನ್ನು ಆರಂಭಿಸಲು ಗಡಿಯಾರ ನಲವತ್ತು ಸೆಕೆಂಡು ಕೊಡುತ್ತದೆ. ಅಭಿಮಾನಿಯೆಂಬ ಜೀವಿಯನ್ನು ಸೃಷ್ಟಿಸಿದ್ದೇ ಈ ನಲವತ್ತು ಸೆಕೆಂಡು ಎಂದು ನನ್ನ ಅನುಮಾನ. ಸತತವಾಗಿ ಹರಿಯುವ ಆಟದಲ್ಲಿ ನೋಡುಗನಿಗೆ ಉಸಿರಾಡಲೂ ಬಿಡುವಿಲ್ಲ. ಇಲ್ಲಿಯಾದರೋ ಪ್ರತಿ ಬಾರಿ ಆಟ ನಿಂತಾಗಲೂ ಈಗ ಚೆಂಡನ್ನು ಎಸೆಯಬೇಕೇ ಅಥವಾ ಹಿಡಿದು ಓಡಬೇಕೇ ಎಂದು ತೀರ್ಮಾನಿಸಿ, ಕೋಆರ್ಡಿನೇಟರ್ ಬೇರೊಂದನ್ನು ಆರಿಸಿದ ಕೂಡಲೇ ಹಣೆ ಚಚ್ಚಿಕೊಳ್ಳಲು ಸಾಕಷ್ಟು ಸಮಯವಿದೆ.

ಬ್ಯಾಟನ್ ರೂಜ್ ಮಿಸಿಸಿಪ್ಪಿ ನದಿಯ ದಡದಲ್ಲಿ ತೈಲ ಶುದ್ಧೀಕರಣದ ಕೊಳವೆ, ಚಿಮಣಿಗಳ ನಡುವೆ ಕುಳಿತಿರುವ ರಾಜಧಾನಿ. ಜನಸಂಖ್ಯೆ ಎರಡೂಕಾಲು ಲಕ್ಷದ ಆಸುಪಾಸು. ಅಲ್ಲಿನ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ, ಅಂದರೆ ಎಲ್‌ಎಸ್‌ಯುವಿನ ಟೈಗರ್ ಸ್ಟೇಡಿಯಂನಲ್ಲಿ 1,02,321 ಆಸನಗಳಿವೆ. 1988ರ ಅಕ್ಟೋಬರ್ 8ರ ರಾತ್ರಿ ಆಬರ್ನ್ ತಂಡದ ವಿರುದ್ಧ ಕೊನೆಯ ಗಳಿಗೆಯಲ್ಲಿ ಬಂದ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸಿದ್ದಕ್ಕೆ, ಜನ ಕುಣಿದ ಕುಣಿತ ವಿಶ್ವವಿದ್ಯಾಲಯದ ಭೂಕಂಪ ಮಾಪಕದಲ್ಲಿ ದಾಖಲಾಯಿತೆಂದು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕ್ರೀಡಾಂಗಣದ ಎದುರಿನ ಆವರಣದಲ್ಲಿ ಮೈಕ್ ಎಂಬ ನಿಜವಾದ ಹುಲಿಯೊಂದನ್ನು ಸಾಕಿದ್ದಾರೆ. ಆ ಊರಿನ ಅಭಿಮಾನಿಗಳು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡ ನೇಮಕವೆಂದರೆ ಬಹುಶಃ ಅದೊಂದೇ.

ಸಹಾಯಕರ ನೇಮಕಗಳು ಹೆಚ್ಚಾಗಿ ನಡೆಯುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಜನವರಿ 6ರಿಂದ ಅಲ್ಲಿ ಕಾರ್ನಿವಲ್ ಕಾಲ ಆರಂಭವಾಗಿ, ಕಚೇರಿಗಳಿಗೆಲ್ಲ ನೇರಳೆ, ಹಸಿರು, ಹೊಂಬಣ್ಣದ ಸಕ್ಕರೆ ಉದುರಿಸಿದ ಕಿಂಗ್ ಕೇಕ್ ಬರುತ್ತದೆ. ಕಾಫಿ ಯಂತ್ರದ ಪಕ್ಕದಲ್ಲಿ ಆ ಕೇಕಿನ ಸುತ್ತ ನಿಂತು ನಮ್ಮ ಸಹೋದ್ಯೋಗಿಗಳು ಹೊಸಬರನ್ನು ಪರೀಕ್ಷಿಸುವ ಪರಿ ಮಾತ್ರ ನಮ್ಮ ಕಡೆಯ ವರಪರೀಕ್ಷೆಯೇ. ಯಾರ ಕೈಯಲ್ಲಿ ಪಳಗಿದವರು, ಹಿಂದಿನ ಜಾಗವನ್ನು ಬಿಟ್ಟರೋ ಬಿಡಿಸಿದರೋ, ಸಂಬಳವೆಷ್ಟು, ನಮ್ಮ ಕಡೆಯ ಊಟ ಮಾತು ಅವರಿಗೆ ಒಗ್ಗೀತೇ, ಎರಡು ವರ್ಷ ನಿಂತಾರೇ ಎಂಬ ಪ್ರಶ್ನೆಗಳು ಇದೇ ಕ್ರಮದಲ್ಲಿ ಬರುತ್ತವೆ. ಇನ್ನೂ ಉತ್ಸಾಹಿಗಳಾದವರು ವಿಶ್ವವಿದ್ಯಾಲಯಕ್ಕೆ ಸಂಬಂಧಪಟ್ಟ ಖಾಸಗಿ ವಿಮಾನ ಯಾವ ಊರಿನಲ್ಲಿ ಇಳಿಯಿತೆಂದು ಪತ್ತೆಹಚ್ಚಿ, ಆ ಊರಿನಲ್ಲಿರುವ ಕೋಚ್‌ಗಳ ಪಟ್ಟಿಯನ್ನು ಮುಂದಿಡುತ್ತಾರೆ. ವಿಮಾನ ಬೇರೆ ಯಾವುದೋ ಕೆಲಸಕ್ಕೆ ಹೋಗಿರಬಹುದೆಂಬ ಸಾಧ್ಯತೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದವರಿಗೆ ಕೇಕಿನ ಸಣ್ಣ ತುಂಡು.

ಈ ಊರಿನವರಿಗೆ ದಾಳಿಯ ಕೋಚ್‌ಗಳ ವಿಷಯದಲ್ಲಿ ಹಳೆಯ ಗಾಯವೊಂದಿತ್ತು. 2012ರ ಜನವರಿ 9ರಂದು ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದಲ್ಲಿ ಅಲಬಾಮಾ ತಂಡವು ಎಲ್‌ಎಸ್‌ಯುವನ್ನು 21-0 ಅಂತರದಿಂದ ಸೋಲಿಸಿತು. ಇಡೀ ಪಂದ್ಯದಲ್ಲಿ ಇವರ ದಾಳಿ ಮೈದಾನದ ಅರ್ಧಗೆರೆಯನ್ನು ದಾಟಿದ್ದು ಒಂದೇ ಸಲ. ಅಂದಿನಿಂದ ಪ್ರತಿ ವರ್ಷವೂ ರಕ್ಷಣೆ ಬಂಡೆಯಂತಿದ್ದು ದಾಳಿ ಮಾತ್ರ ಹಳೆಯ ಕಾಲದ್ದಾಗಿಯೇ ಉಳಿಯುತ್ತಿದೆ ಎಂಬ ಕೊರಗು ಬೆಳೆಯುತ್ತ ಹೋಯಿತು. 2016ರ ಕೊನೆಗೆ ಹೊಸ ಮುಖ್ಯ ಕೋಚ್ ಎಡ್ ಆರ್ಜರಾನ್ ಅವರು ಮ್ಯಾಟ್ ಕೆನಡಾ ಎಂಬವರನ್ನು ದಾಳಿಯ ಕೋಆರ್ಡಿನೇಟರ್ ಆಗಿ ಕರೆತಂದಾಗ ಆ ಕೊರಗು ಒಮ್ಮೆಲೇ ಕರಗಿತು. ಅದೇ ವರ್ಷ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡದಲ್ಲಿದ್ದುಕೊಂಡು, ಮುಂದೆ ಚಾಂಪಿಯನ್ ಆದ ಕ್ಲೆಮ್ಸನ್ ತಂಡವನ್ನು 43-42ರಿಂದ ಮಣಿಸಿದ ದಾಳಿಯನ್ನು ಹೂಡಿದವರು ಅವರು. ಚೆಂಡು ಚಲಿಸುವ ಮೊದಲೇ ಆಟಗಾರರು ಅತ್ತಿಂದಿತ್ತ ಸರಿದಾಡಿ ಎದುರಾಳಿಯ ಕಣ್ಣು ಕಟ್ಟುವುದು ಅವರ ವೈಶಿಷ್ಟ್ಯ. ಊರು ಬೀಗಿತು. ಮರುವರ್ಷ ಸೆಪ್ಟೆಂಬರ್ 30ರಂದು ಟ್ರಾಯ್ ಎಂಬ ಚಿಕ್ಕ ತಂಡವೊಂದು ಟೈಗರ್ ಸ್ಟೇಡಿಯಂಗೇ ಬಂದು 24-21ರಿಂದ ಗೆದ್ದು ಹೋಯಿತು. ಒಂದೇ ಋತು ಮುಗಿಯುವಷ್ಟರಲ್ಲಿ ಆರ್ಜರಾನ್ ಅವರಿಗೂ ಕೆನಡಾ ಅವರಿಗೂ ಹೊಂದಿಕೆ ತಪ್ಪಿ, 17 ಲಕ್ಷ ಡಾಲರ್ ಕೊಟ್ಟು ಅವರನ್ನು ಬೀಳ್ಕೊಡಲಾಯಿತು. ಮುಂದೆ ಪಿಟ್ಸ್‌ಬರ್ಗ್‌ನದೇ ವೃತ್ತಿಪರ ತಂಡವಾದ ಸ್ಟೀಲರ್ಸ್‌ಗೆ ಹೋದಾಗ ಪಿಟ್ಸ್‌ಬರ್ಗ್‌ನ ಜನ ಕ್ರೀಡಾಂಗಣದಲ್ಲಿ ಅವರನ್ನು ತೆಗೆದುಹಾಕಿರೆಂದು ಸಾಮೂಹಿಕವಾಗಿ ಘೋಷಣೆ ಕೂಗುತ್ತಿದ್ದರು.

ಎಲ್‌ಎಸ್‌ಯುವಿನಲ್ಲಿ ಕೆನಡಾ ಅವರ ಜಾಗಕ್ಕೆ ಬಂದವರು ಸ್ಟೀವ್ ಎನ್ಸ್‌ಮಿಂಗರ್. ಬ್ಯಾಟನ್ ರೂಜ್‌ನವರೇ, 1970ರ ದಶಕದ ಕೊನೆಯಲ್ಲಿ ಇದೇ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರನಾಗಿ, ಆಡಿದವರು, ಬಹಳ ಕಾಲದಿಂದ ತಂಡದಲ್ಲೇ ಸಹಾಯಕರಾಗಿದ್ದವರು. ಈ ನೇಮಕಕ್ಕೆ ದೊರೆತ ಸ್ವಾಗತ ನಿಟ್ಟುಸಿರಿನದು. ಕೈಗೆಟಕುವವರನ್ನೇ ಹಿಡಿದು ಕೂರಿಸಿದರು ಎಂಬುದು ಸಭ್ಯರ ಅಭಿಪ್ರಾಯ; ಉಳಿದವರದನ್ನು ಬರೆಯುವಂತಿಲ್ಲ. ಅಭಿಮಾನಿಯ ಲೆಕ್ಕದಲ್ಲಿ ಪಕ್ಕದ ಕೋಣೆಯಿಂದ ಬಂದವರಿಗೆ ವಿಮಾನದಿಂದ ಇಳಿದವರಿಗಿರುವ ತೇಜಸ್ಸು ಎಂದೂ ಬರುವುದಿಲ್ಲ. 2018ರ ನವೆಂಬರ್‌ನಲ್ಲಿ ಅಲಬಾಮಾ ತಂಡ ಬ್ಯಾಟನ್ ರೂಜ್‌ಗೇ ಬಂದು 29-0ಯಿಂದ ಗೆದ್ದಾಗ ನಿಟ್ಟುಸಿರು ಸರಿಯೇ ಆಗಿತ್ತೆಂದು ಎಲ್ಲರಿಗೂ ತೋರಿತು.

ಆಗ ಬಂದರು ಜೋ ಬ್ರೇಡಿ. 2019ರ ಜನವರಿಯಲ್ಲಿ ಅವರಿಗೆ ಇನ್ನೂ 29 ವರ್ಷ. ನ್ಯೂ ಆರ್ಲಿಯನ್ಸ್‌ನ ಸೇಂಟ್ಸ್ ತಂಡದಲ್ಲಿ ದಾಳಿ ವಿಭಾಗದ ಕೆಳಹಂತದ ಸಹಾಯಕರಾಗಿದ್ದವರು. ಅದಕ್ಕೂ ಮೊದಲು ಪೆನ್ ಸ್ಟೇಟ್‌ನಲ್ಲಿ ವಿದ್ಯಾರ್ಥಿ ಸಹಾಯಕ. ಪಾಸಿಂಗ್ ಗೇಮ್ ಕೋಆರ್ಡಿನೇಟರ್, ಅಂದರೆ ಚೆಂಡು ಎಸೆಯುವ ಆಟದ ತಂತ್ರ ಹೂಡುವವರು ಎಂಬ ಪದವಿಯನ್ನು ಅವರಿಗೆ ಕೊಟ್ಟರು. ಎನ್ಸ್‌ಮಿಂಗರ್ ಅವರು ಕೋಆರ್ಡಿನೇಟರ್ ಆಗಿಯೇ ಮುಂದುವರಿದರು. ನಮ್ಮ ಕಾಫಿ ಯಂತ್ರದ ಬಳಿ ಅಂದು ಆದ ಚರ್ಚೆ ಬಹಳ ಚಿಕ್ಕದು. ‘ಯಾರು?’ ಎಂದು ಒಬ್ಬರು ಕೇಳಿದರು, ಮತ್ತೊಬ್ಬರು ಭುಜ ಕುಣಿಸಿದರು, ಆಮೇಲೆ ಮಾತು ಸೇಂಟ್ಸ್ ತಂಡದ ಕಡೆಗೆ ತಿರುಗಿತು. ಹಿಂದಿನ ವರ್ಷ 16 ಟಚ್‌ಡೌನ್ ಎಸೆದಿದ್ದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಆ ವರ್ಷ 60 ಎಸೆದರು. ಟೆಕ್ಸಾಸ್ ವಿರುದ್ಧ ಆಸ್ಟಿನ್‌ನಲ್ಲಿ ಮೂರನೆಯ ಯತ್ನಕ್ಕೆ 17 ಯಾರ್ಡ್ ಬೇಕಿದ್ದಾಗ, ಹಳೆಯ ಎಲ್‌ಎಸ್‌ಯು ಆಗಿದ್ದರೆ ಚೆಂಡನ್ನು ಅವುಚಿಕೊಂಡು ಮೂರು ಯಾರ್ಡ್ ಓಡಿ ಬಿದ್ದು ದೇವರ ಮೇಲೆ ಭಾರ ಹಾಕುತ್ತಿದ್ದ ಜಾಗದಲ್ಲಿ, ಬರೋ ಅವರು ಜಸ್ಟಿನ್ ಜೆಫರ್ಸನ್‌ಗೆ ಎಸೆದ ಚೆಂಡು 61 ಯಾರ್ಡ್‌ಗಳ ಟಚ್‌ಡೌನ್ ಆಯಿತು. ಅಲಬಾಮಾವನ್ನು ಅದರ ನೆಲದಲ್ಲೇ 46-41ರಿಂದ ಸೋಲಿಸಿದ ತಂಡವು 15 ಪಂದ್ಯಗಳಲ್ಲಿ 15ನ್ನೂ ಗೆದ್ದು, 2020ರ ಜನವರಿ 13ರಂದು ಕ್ಲೆಮ್ಸನ್ ವಿರುದ್ಧ 42-25ರಿಂದ ರಾಷ್ಟ್ರೀಯ ಚಾಂಪಿಯನ್ ಆಯಿತು. ಶ್ರೇಷ್ಠ ಸಹಾಯಕ ಕೋಚ್‌ಗೆ 1996ರಿಂದ ಕೊಡುತ್ತಿರುವ ಬ್ರಾಯ್ಲ್ಸ್ ಪ್ರಶಸ್ತಿ ಬ್ರೇಡಿ ಅವರಿಗೆ ಬಂತು. ವರ್ಷದ ಹಿಂದೆ ‘ಯಾರು?’ ಎಂದು ಕೇಳಿದ್ದವರೇ ಆ ಹುಡುಗನ ಕಣ್ಣಿನಲ್ಲಿ ಏನೋ ಇದೆಯೆಂದು ತಮಗೆ ಮೊದಲ ದಿನವೇ ತೋರಿತ್ತೆಂದು ಹೇಳಿದರು. ಅವರು ಸುಳ್ಳಾಡುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ನೆನಪಾಗಿತ್ತು. ಪಾಪ, ಎನ್ಸ್‌ಮಿಂಗರ್ ಅವರಿಗೆ ಆ ಕಥೆಯಲ್ಲಿ ದೊರೆತದ್ದು ಅಡಿಟಿಪ್ಪಣಿಯಷ್ಟು ಜಾಗ. ಅಭಿಮಾನಿಗೆ ಒಂದು ಪವಾಡಕ್ಕೆ ಒಬ್ಬನೇ ಕರ್ತೃ ಬೇಕು, ಅವನು ಹೊಸಬನೇ ಆಗಿರಬೇಕು.

ಬ್ರೇಡಿ ಕೆಲವೇ ದಿನಗಳಲ್ಲಿ ವೃತ್ತಿಪರ ತಂಡವಾದ ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಹೊರಟುಹೋದರು. ರಕ್ಷಣೆಯ ಕೋಆರ್ಡಿನೇಟರ್ ಆಗಿದ್ದ ಡೇವ್ ಅರಾಂಡಾ ಅವರು ಬೇಲರ್ ವಿಶ್ವವಿದ್ಯಾಲಯದ ತಂಡದ ಮುಖ್ಯ ಕೋಚ್ ಆದರು. ಆ ತೆರವಿಗೆ ಬೋ ಪೆಲಿನಿ ಬರುತ್ತಾರೆಂದು ತಿಳಿದಾಗ ಊರಿನ ಸಂತೋಷವನ್ನು ನೋಡಬೇಕಾಗಿತ್ತು. 2005ರಿಂದ 2007ರವರೆಗೆ ಇದೇ ತಂಡದ ರಕ್ಷಣೆಯನ್ನು ನಡೆಸಿ, ಆ ಕೊನೆಯ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಕಂಡವರು; ಬಳಿಕ ನೆಬ್ರಾಸ್ಕಾದ ಮುಖ್ಯ ಕೋಚ್ ಆಗಿ ಏಳು ವರ್ಷ ಪ್ರತಿ ಋತುವಿನಲ್ಲೂ ಕನಿಷ್ಠ ಒಂಬತ್ತು ಪಂದ್ಯ ಗೆದ್ದವರು. ಮನೆಯವರೇ ಮನೆಗೆ ಮರಳಿದ್ದಾರೆ, ಇನ್ನು ಪರಿಚಯ ಮಾಡಿಕೊಡುವ ಅಗತ್ಯವೂ ಇಲ್ಲ ಎಂದರು. 2020ರ ಸೆಪ್ಟೆಂಬರ್ 26ರಂದು ಮೊದಲ ಪಂದ್ಯ. ಕೋವಿಡ್ ನಿರ್ಬಂಧದಿಂದ ಸ್ಟೇಡಿಯಂ ಬಹುಪಾಲು ಖಾಲಿಯಿತ್ತು, ಅದೊಂದು ಪುಣ್ಯ. ಮಿಸಿಸಿಪ್ಪಿ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕೆ. ಜೆ. ಕೊಸ್ಟೆಲೊ ಆ ಮಧ್ಯಾಹ್ನ 623 ಯಾರ್ಡ್ ಎಸೆದು, ಈ ಎರಡೂ ತಂಡಗಳು ಸೇರಿರುವ ಎಸ್‌ಇಸಿ ಎಂಬ ಲೀಗಿನ ದಾಖಲೆಯನ್ನೇ ಮುರಿದರು. ಚಾಂಪಿಯನ್ ತಂಡವು 44-34ರಿಂದ ಸೋತಿತು. ಆ ವರ್ಷ ಐದು ಗೆಲುವು, ಐದು ಸೋಲು. ಪೆಲಿನಿಯವರಿಗೆ ಎರಡನೆಯ ವರ್ಷ ದೊರೆಯಲಿಲ್ಲ. ಅವರ ಬಗ್ಗೆ ತಮಗೆ ಮೊದಲಿನಿಂದಲೂ ಸಂಶಯವಿತ್ತೆಂದು ಕಾಫಿ ಯಂತ್ರದ ಬಳಿ ನಿರ್ಣಯವಾಯಿತು.

ಮುಂದೆ ನಡೆದದ್ದು ನನಗೆ ಇನ್ನೂ ಇಷ್ಟ. ಬ್ರೇಡಿ ಅವರನ್ನು ಮರಳಿ ತರಲಾಗದೆ, ಅವರ ನೆರಳನ್ನಾದರೂ ತರೋಣವೆಂಬಂತೆ 2021ಕ್ಕೆ ಪ್ಯಾಂಥರ್ಸ್‌ನಲ್ಲಿ ಅವರೊಡನೆ ಕೆಲಸ ಮಾಡಿದ್ದ ಜೇಕ್ ಪೀಟ್ಸ್ ಅವರನ್ನೂ, 2019ರಲ್ಲಿ ತೆರೆಮರೆಯಲ್ಲಿ ಅವರಿಗೆ ನೆರವಾಗಿದ್ದ ಡಿ. ಜೆ. ಮಂಗಸ್ ಅವರನ್ನೂ ನೇಮಿಸಿದರು. ಅಭಿಮಾನಿಗಳಲ್ಲಿ ಹಲವರಿಗೆ ಇದು ಬಹಳ ತರ್ಕಬದ್ಧವಾಗಿ ಕಂಡಿತು. ಬ್ರೇಡಿ ಓದಿದ ಹಾಳೆಗಳನ್ನೇ ಓದಿದವರಲ್ಲವೇ ಎಂದರು. ಆದರೆ ಆ ಹಾಳೆಗಳನ್ನು ಮೈದಾನದಲ್ಲಿ ಆಡಿ ತೋರಿಸಿದ್ದ ಜೋ ಬರೋ ಮಾತ್ರ ತಂಡದಲ್ಲಿ ಉಳಿದಿರಲಿಲ್ಲ. ಆ ಋತು ಆರು ಗೆಲುವು, ಏಳು ಸೋಲಿನಲ್ಲಿ ಮುಗಿಯಿತು.

ಇಷ್ಟೊಂದು ಸಲ ಲೆಕ್ಕ ತಪ್ಪಿದರೂ ಸಹಾಯಕ ಕೋಚ್ ಮೇಲೆಯೇ ಏಕೆ ಇಷ್ಟು ಆಸೆ, ಇಷ್ಟು ಸಿಟ್ಟು ಎಂದು ನಾನು ಯೋಚಿಸಿದ್ದುಂಟು. ಆಟಗಾರನನ್ನು ಬೈಯಲು ಮನಸ್ಸು ಹಿಂಜರಿಯುತ್ತದೆ. ಅವನು ಹತ್ತೊಂಬತ್ತರ ಹುಡುಗ, ಮರುದಿನ ಅವನಿಗೆ ಪರೀಕ್ಷೆಯಿದ್ದೀತು, ಅವನ ತಾಯಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರು. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾದ ಮೇಲೆ ಈ ದಾಕ್ಷಿಣ್ಯ ಸ್ವಲ್ಪ ಸವೆದಿದೆಯಾದರೂ ಪೂರ್ತಿ ಹೋಗಿಲ್ಲ. ಮುಖ್ಯ ಕೋಚ್‌ರನ್ನು ಬೈದರೆ ಇಡೀ ಮನೆಯೇ ಸರಿಯಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಅವರನ್ನು ತೆಗೆಯುವುದೆಂದರೆ ಕೋಟ್ಯಂತರ ಡಾಲರ್‌ಗಳ ಮಾತು. ನಡುವೆ ಸಿಗುವವರು ಕೋಆರ್ಡಿನೇಟರ್. ಅರಾಂಡಾ ಅವರಿಗೆ 2018ರಲ್ಲಿ ನಿಗದಿಯಾದ ಸಂಬಳ ವರ್ಷಕ್ಕೆ 25 ಲಕ್ಷ ಡಾಲರ್. ಆ ರಾಜ್ಯದ ಗವರ್ನರ್ ಅವರದು ಸುಮಾರು 1 ಲಕ್ಷ 30 ಸಾವಿರ. ಅಷ್ಟು ಪಡೆಯುವವರು ಒಂದಿಷ್ಟು ಬೈಗುಳವನ್ನೂ ಸಂಬಳದ ಭಾಗವಾಗಿಯೇ ಸ್ವೀಕರಿಸಲಿ ಎಂಬುದು ಜನರ ನ್ಯಾಯ, ಮತ್ತು ಅದು ತೀರ ಅನ್ಯಾಯವೆಂದು ನನಗೆ ಅನಿಸುವುದಿಲ್ಲ.

ಆಸೆಯ ಕಾರಣ ಇನ್ನೂ ಸರಳ. ಜನವರಿಯಲ್ಲಿ ಬಂದ ಕೋಚ್ ಸೆಪ್ಟೆಂಬರ್‌ವರೆಗೆ ಒಂದು ಪಂದ್ಯವನ್ನೂ ಸೋಲುವುದಿಲ್ಲ. ಎಂಟು ತಿಂಗಳ ಕಾಲ ಅವರ ತಂತ್ರವೆಲ್ಲ ಫಲಿಸುತ್ತದೆ, ಎಸೆದ ಚೆಂಡೆಲ್ಲ ಕೈಗೆ ಬೀಳುತ್ತದೆ. ಹದಿನೆಂಟನೆಯ ಐಪಿಎಲ್ ಋತುವಿನವರೆಗೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಹೇಳುತ್ತ ಬಂದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ಹ್ಯೂಸ್ಟನ್‌ನಲ್ಲಿದ್ದೇನೆ. 2024ರ ಜನವರಿಯಲ್ಲಿ ಎಲ್‌ಎಸ್‌ಯು ಮಿಸೌರಿಯಿಂದ ಬ್ಲೇಕ್ ಬೇಕರ್ ಅವರನ್ನು ರಕ್ಷಣೆಯ ಕೋಆರ್ಡಿನೇಟರ್ ಆಗಿ, ವರ್ಷಕ್ಕೆ 25 ಲಕ್ಷ ಡಾಲರ್ ಸಂಬಳಕ್ಕೆ ನೇಮಿಸಿದ ವಾರ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬೇರೇನೋ ಕೆಲಸಕ್ಕೆ ಫೋನ್ ಮಾಡಿದರು. ಕೆಲಸದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಬೇಕರ್ ಅವರ ನೇಮಕ ಎಷ್ಟು ಒಳ್ಳೆಯದೆಂದು ಅವರು ಬಹಳ ಹೊತ್ತು ವಿವರಿಸಿದರು: ಮಿಸೌರಿ ಅವರ ಕಾಲದಲ್ಲಿ ಹನ್ನೊಂದು ಪಂದ್ಯ ಗೆದ್ದಿದೆ, ಎಲ್ಲಕ್ಕಿಂತ ಮುಖ್ಯವಾಗಿ 2021ರಲ್ಲಿ ಅವರು ಇದೇ ತಂಡದಲ್ಲಿ ಸಹಾಯಕರಾಗಿದ್ದವರು, ಊರನ್ನು ಬಲ್ಲವರು, ಹೊಸದಾಗಿ ಏನನ್ನೂ ಕಲಿಸಿಕೊಡಬೇಕಾಗಿಲ್ಲ. ಪೆಲಿನಿಯವರೂ ಹಿಂದೆ ಇದೇ ತಂಡದಲ್ಲಿದ್ದವರೇ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ.

‘ಅದೇ ಬೇರೆ, ಇದೇ ಬೇರೆ’ ಎಂದವರು, ಹೇಗೆಂಬುದನ್ನು ವಿವರಿಸಲು ಇನ್ನೊಂದು ಇಪ್ಪತ್ತು ನಿಮಿಷ ತೆಗೆದುಕೊಂಡರು.